ಹಲಗೆ ಮುಟ್ಟಬೇಡ ಎಂದಿದ್ದಳು ಅಕ್ಕ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎರಡು ಸದ್ದು ಕೇಳಿಸುತ್ತಿದ್ದವು. ಒಂದು ಅಪ್ಪನ ಕೈಮಗ್ಗದ್ದು, ಇನ್ನೊಂದು ಅಕ್ಕನ ಹೊಲಿಗೆ ಮಿಷನ್ನಿನದು. ನಮ್ಮ ಮನೆ ಇದ್ದದ್ದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಕರೆಂಟಿನ ಮಗ್ಗಗಳು ಆಗಿನ್ನೂ ಆ ಬೀದಿಗೆ ಬಂದಿರಲಿಲ್ಲ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಲಾಳಿ ಎಸೆಯುತ್ತಿದ್ದರು. ಅಮ್ಮ ಪಡಸಾಲೆಯಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳು. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ನಮ್ಮ ಬಟ್ಟೆ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಹತ್ತಿಕೊಂಡಿರುತ್ತಿತ್ತು. ಅಕ್ಕನ ಮಿಷನ್ನು ಇದ್ದ ಕಿಟಕಿಯ ಮೂಲೆಯಲ್ಲಿ ಮಾತ್ರ ಬೇರೆ ವಾಸನೆ. ಎಣ್ಣೆ, ಕಬ್ಬಿಣ, ಹೊಸ ಬಟ್ಟೆ ಎಲ್ಲ ಸೇರಿದ ವಾಸನೆ ಅದು. ನನಗೆ ಅದು ಬಹಳ ಇಷ್ಟ.

ಅದು ದೊಡ್ಡ ಯುದ್ಧದ ಕಾಲ. ಯುದ್ಧ ಎಲ್ಲೋ ಸಮುದ್ರದಾಚೆ ನಡೆಯುತ್ತಿತ್ತು. ನೂಲು ಸಿಗುತ್ತಿಲ್ಲ, ಸೀಮೆಎಣ್ಣೆ ಸಿಗುತ್ತಿಲ್ಲ ಎಂಬುದರಿಂದ ಮಾತ್ರ ನಮಗೆ ಅದರ ಬಿಸಿ ತಾಗುತ್ತಿತ್ತು. ನೂಲು ಬಂದ ವಾರ ಅಪ್ಪನ ಮಗ್ಗ ಆಡುತ್ತಿತ್ತು, ಬಾರದ ವಾರ ಸುಮ್ಮನಿರುತ್ತಿತ್ತು. ಮಗ್ಗ ಸುಮ್ಮನಿದ್ದ ದಿನಗಳಲ್ಲಿ ಅಪ್ಪ ಅದರ ಮುಂದೆಯೇ ಕೂತು, ಇಲ್ಲದ ಧೂಳನ್ನು ಒರೆಸುತ್ತಿದ್ದರು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವಳನ್ನು ಹಿಂದೂಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಭಾವ ಟೈಲರು. ಮದುವೆಯಾದ ಹೊಸದರಲ್ಲೇ ಅವರು ಅಕ್ಕನಿಗೆ ಮಿಷನ್ನು ತುಳಿಯುವುದು, ಅಳತೆ ತೆಗೆಯುವುದು, ಕಾಜ ಹೊಲಿಯುವುದು ಎಲ್ಲ ಕಲಿಸಿದ್ದರಂತೆ. ಒಂದೂವರೆ ವರ್ಷ ಕಳೆಯುವುದರೊಳಗೆ ಭಾವನಿಗೆ ವಿಷಮಜ್ವರ ಬಂತು, ಹೋಗಿಬಿಟ್ಟರು. ಅಕ್ಕ ತವರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸ್ಟೇಷನ್ನಿನಿಂದ ಎತ್ತಿನಗಾಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ, ಆ ಮಿಷನ್ನು, ಎರಡರ ಮಧ್ಯೆ ಅಕ್ಕ. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಬಳೆಗಳಿದ್ದ ಜಾಗ ಸುತ್ತಲಿನ ಮೈಗಿಂತ ಬೆಳ್ಳಗಿತ್ತು.

ನಮ್ಮ ಬೀದಿಯ ಕೆಲವರು ಅವಳ ಕಾಲ್ಗುಣ ಚೆನ್ನಾಗಿಲ್ಲ ಎಂದು ಆಡಿಕೊಳ್ಳುತ್ತಿದ್ದರು. ಅವಳು ಮನೆಗೆ ಕಾಲಿಟ್ಟಿದ್ದರಿಂದಲೇ ಗಂಡ ಸತ್ತ ಎಂಬುದು ಆ ಮಾತಿನ ಅರ್ಥ. ಬೆಳಗ್ಗೆ ಯಾರಾದರೂ ಕೆಲಸಕ್ಕೆ ಹೊರಟಾಗ ಅಕ್ಕ ಬಾಗಿಲಲ್ಲಿ ಕಂಡರೆ ವಾಪಸು ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಆದ್ದರಿಂದ ಬಿಸಿಲು ಏರುವವರೆಗೆ ಅಕ್ಕ ಬೀದಿ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುವ ಕೆಲಸ ನನ್ನ ಪಾಲಿಗೆ ಬಂದದ್ದು ಹಾಗೆ. ಏಳು ವರ್ಷದ ನಾನು ಇಟ್ಟ ರಂಗೋಲಿ ಎಷ್ಟು ಸೊಟ್ಟಗಿದ್ದರೂ ಅಕ್ಕ ಕಿಟಕಿಯಿಂದ ನೋಡಿ ಚೆನ್ನಾಗಿದೆ ಎನ್ನುತ್ತಿದ್ದಳು.

ಹಿಂದೂಪುರದಿಂದ ಆಗಾಗ ಹೇಳಿಕಳಿಸುತ್ತಿದ್ದರು. ಅತ್ತೆಗೆ ಸೊಂಟ ಬಿದ್ದಿದೆ, ಮನೆಯಲ್ಲಿ ಬೇಯಿಸಿ ಹಾಕುವವರಿಲ್ಲ, ಸೊಸೆಯನ್ನು ಕಳಿಸಿ ಎಂದು. ಅಕ್ಕನಿಗೆ ಅಲ್ಲಿಗೆ ಹೋಗಲು ಇಷ್ಟವಿರಲಿಲ್ಲ. ಹೋದರೆ ಜೀವಮಾನವೆಲ್ಲ ಆ ಅಡುಗೆಮನೆಯಲ್ಲೇ ಕಳೆದುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಕಲಿಸುವವರು ಬೇಕು ಎಂಬ ಸುದ್ದಿ ಬಂತು. ಅಪ್ಪ ತಾವೇ ಹೋಗಿ ಹೆಡ್ಮಿಸ್ಟ್ರೆಸ್ ಅಮ್ಮನವರನ್ನು ಕಂಡು ಬಂದರು. ಒಂದು ಮಗುವಿನ ಗೌನು ಹೊಲಿದು ಸೋಮವಾರ ತಂದು ತೋರಿಸಲಿ ಎಂದರಂತೆ ಅವರು. ಆ ಮಾತು ಹೇಳುವಾಗ ಅಪ್ಪನ ಮುಖ ಎಷ್ಟು ಅರಳಿತ್ತೆಂದರೆ, ಅಮ್ಮ ರಾಟೆ ನಿಲ್ಲಿಸಿ ಅವರನ್ನೇ ನೋಡುತ್ತ ಕೂತಳು.

ಬಟ್ಟೆಗೆ ತೊಂದರೆಯಿರಲಿಲ್ಲ. ಅಪ್ಪ ತಮ್ಮ ಕೈಯಾರೆ ನೇಯ್ದ ತೆಳು ಬಿಳಿ ಬಟ್ಟೆ ತೆಗೆದುಕೊಟ್ಟರು. ಅಳತೆಗೆ ನಾನೇ ಇದ್ದೆ. ತೊಂದರೆ ಇದ್ದದ್ದು ಸೂಜಿಯದು. ಮಿಷನ್ನಿನಲ್ಲಿದ್ದದ್ದು ಭಾವ ಹಾಕಿದ್ದ ಹಳೆಯ ಸೂಜಿ. ಅದರ ಮೊನೆ ಮೊಂಡಾಗಿ ಸಣ್ಣ ಕೊಕ್ಕೆಯಂತೆ ಬಾಗಿತ್ತು. ಅಕ್ಕ ಅದನ್ನು ತೆಗೆದು ಸಾಣೆಕಲ್ಲಿಗೆ ಉಜ್ಜಿ ಉಜ್ಜಿ ಅಷ್ಟು ದಿನ ದೂಡಿದ್ದಳು. ಒರಟು ಬಟ್ಟೆಗೆ ಅದು ನಡೆಯುತ್ತಿತ್ತು, ತೆಳು ಬಟ್ಟೆಯಲ್ಲಿ ಎಳೆ ಕಿತ್ತು ಹೊಲಿಗೆ ಹಾರುತ್ತಿತ್ತು. ಮಿಷನ್ನಿನ ಸೂಜಿ ಬರುತ್ತಿದ್ದದ್ದು ಸಮುದ್ರದಾಚೆಯ ಸೀಮೆಯಿಂದ. ಯುದ್ಧ ಬಂದು ಅದೂ ನಿಂತಿತ್ತು. ಅಪ್ಪ ನೇಯ್ದ ಬಟ್ಟೆ ಕೊಡಲು ಬೆಂಗಳೂರಿಗೆ ಹೋದವರು ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಒಬ್ಬ ಮುದುಕ ವ್ಯಾಪಾರಿಯನ್ನು ಕಾಡಿ ಬೇಡಿ ಎರಡೇ ಎರಡು ಸೂಜಿ ತಂದರು. ಎಣ್ಣೆ ಕಾಗದದಲ್ಲಿ ಸುತ್ತಿದ ಆ ಸೂಜಿಗಳನ್ನು ಪ್ರಸಾದ ಕೊಡುವ ಹಾಗೆ ಅಕ್ಕನ ಅಂಗೈಯಲ್ಲಿ ಇಟ್ಟರು.

ಅದು ಶನಿವಾರ. ನನಗೆ ಅರ್ಧ ದಿನ ಸ್ಕೂಲು. ಮುದ್ದೆ ಉಂಡು ಕೈ ತೊಳೆದವಳೇ ಮಿಷನ್ನಿನ ಅಡಿಗೆ ನುಸುಳಿಕೊಂಡೆ. ಅದು ನನ್ನ ಜಾಗ. ಎರಡು ಕಡೆ ಬಳ್ಳಿ ಬಳ್ಳಿಯಾದ ಕಬ್ಬಿಣದ ಕಾಲುಗಳು, ನಡುವೆ ಕಾಲಿನಿಂದ ತುಳಿಯುವ ಹಲಗೆ, ಪಕ್ಕದಲ್ಲಿ ದೊಡ್ಡ ಚಕ್ರ. ಹಲಗೆಯನ್ನು ಒಂದು ಸಲವಾದರೂ ನಾನೇ ತುಳಿಯಬೇಕೆಂದು ಎಷ್ಟೋ ದಿನದಿಂದ ಅಕ್ಕನನ್ನು ಪೀಡಿಸುತ್ತಿದ್ದೆ. ಗೌನು ಮುಗಿಯಲಿ, ಆಮೇಲೆ ಎನ್ನುತ್ತಿದ್ದಳು. ಆ ವಾರವೆಲ್ಲ ಅವಳಿಗೆ ನನ್ನ ಜಡೆ ಹೆಣೆಯಲೂ ಪುರುಸೊತ್ತಿರಲಿಲ್ಲ. ಎಲ್ಲಕ್ಕೂ ಗೌನು, ಗೌನು. ನನಗೆ ಆ ಗೌನಿನ ಮೇಲೇ ಸಿಟ್ಟು ಬಂದಿತ್ತು.

ಅಕ್ಕ ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಮೇಲಕ್ಕೆ ತಂದಳು. ಚಿಕ್ಕ ತಿರುಪನ್ನು ಸಡಿಲಿಸಿದಾಗ ಹಳೆಯ ಸೂಜಿ ಅವಳ ಅಂಗೈಗೆ ಜಾರಿತು. ಅದನ್ನು ಎಸೆಯಲಿಲ್ಲ. ಕ್ಷಣ ಹೊತ್ತು ನೋಡಿ, ಬಟ್ಟೆಯ ಚೂರಿಗೆ ಚುಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಹೊಸ ಸೂಜಿಯ ಎಣ್ಣೆ ಒರೆಸಿ, ಅದರ ಚಪ್ಪಟೆ ಮಗ್ಗುಲನ್ನು ಚಕ್ರದ ಕಡೆಗೆ ತಿರುಗಿಸಿ, ತುದಿ ಮುಟ್ಟುವವರೆಗೆ ಮೇಲಕ್ಕೆ ತಳ್ಳಿ ತಿರುಪು ಬಿಗಿದಳು. ಆಮೇಲೆ ದಾರದ ತುದಿಯನ್ನು ನಾಲಿಗೆಗೆ ಸೋಕಿಸಿ, ಬಲಗೈ ತೋರುಬೆರಳನ್ನು ಸೂಜಿಯ ಮೊನೆಯಡಿಗೆ ತಂದು ದಾರ ಪೋಣಿಸಲು ಬಗ್ಗಿದಳು. ಅಷ್ಟು ಹೊತ್ತೂ ಎರಡು ಕಾಲನ್ನೂ ಮೇಲಕ್ಕೆ ಮಡಚಿಕೊಂಡೇ ಕೂತಿದ್ದಳು.

"ಪುಟ್ಟಿ, ಹಲಗೆ ಮುಟ್ಬೇಡ ಕಣೇ. ಸೂಜಿ ಹಾಕ್ತಿದೀನಿ," ಎಂದಳು.

ಆ ಮಾತು ಕೇಳಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿತ್ತು.

ಎರಡು ಅಂಗೈಯನ್ನೂ ಹಲಗೆಯ ಮೇಲಿಟ್ಟು ಒತ್ತಿದೆ. ಒಂದೇ ಸಲ. ಚಕ್ರದ ಪಟ್ಟಿ ಕಿರ್ ಎಂದಿತು. ಮೇಲಿಂದ ಯಾರೋ ಉಸಿರು ಎಳೆದುಕೊಂಡ ಸದ್ದು ಬಂತು, ಅಷ್ಟೇ. ಅಕ್ಕ ಕಿರುಚಲಿಲ್ಲ. ನಾನು ತಲೆ ಹೊರಗೆ ಹಾಕಿ ನೋಡಿದೆ. ಸೂಜಿ ಅವಳ ಉಗುರಿನ ಮೂಲಕ ಬೆರಳೊಳಗೆ ಇಳಿದಿತ್ತು. ಅವಳು ಎಡಗೈಯಿಂದ ಮೊದಲು ಗೌನಿನ ಬಟ್ಟೆಯನ್ನು ದೂರ ಸರಿಸಿದಳು, ರಕ್ತದ ಕಲೆ ಆಗಬಾರದೆಂದು. ಆಮೇಲೆ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬೆರಳು ಬಿಡಿಸಿಕೊಳ್ಳಲು ನೋಡಿದಳು. ಟಿಕ್ ಎಂದು ಸೂಜಿ ಮುರಿಯಿತು. ಮೇಲಿನ ತುಂಡು ಮಿಷನ್ನಿನಲ್ಲಿ, ಕೆಳಗಿನದು ಬೆರಳಿನಲ್ಲಿ.

ಅಮ್ಮ ಓಡಿ ಬಂದಳು. "ಅಯ್ಯೋ, ಏನಾಯ್ತೇ?"

ಅಕ್ಕ ಕೆಳಗೆ ನನ್ನ ಕಡೆ ನೋಡಿದಳು. ನನ್ನ ಕೈಗಳು ಇನ್ನೂ ಹಲಗೆಯ ಮೇಲೇ ಇದ್ದವು.

"ಏನಿಲ್ಲಮ್ಮ. ಮರ್ತು ನಾನೇ ತುಳಿದ್ಬಿಟ್ಟೆ," ಎಂದಳು.

ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದರು. ಬೆರಳು ನೋಡಿದರು, ಮುರಿದ ಸೂಜಿ ನೋಡಿದರು. ಅವರ ಗಂಟಲಿನ ನರ ಉಬ್ಬಿತು. "ಅಷ್ಟು ಗ್ಯಾನ ಬೇಡ್ವಾ ನಿಂಗೆ? ಎರಡು ಸೂಜಿಗೆ ಪೇಟೆಯೆಲ್ಲ ಅಲೆದು ಬಂದಿದೀನಿ ನಾನು. ಥೂ, ನಿನ್ನ ಹಣೇಬರಾನೇ ಇಷ್ಟು!"

ಬೀದಿಯವರು ಏನೇ ಅಂದರೂ ಅಪ್ಪ ಅಂಥ ಮಾತು ಅಲ್ಲಿಯವರೆಗೆ ಒಂದು ದಿನವೂ ಆಡಿದವರಲ್ಲ. ಅಕ್ಕ ತಲೆ ತಗ್ಗಿಸಿದಳು. ನೋವಿಗೆ ಬಾರದ ಕಣ್ಣೀರು ಆ ಮಾತಿಗೆ ಬಂತು. ನಾನು ಬಾಯಿ ತೆರೆದೆ. ನಾನೇ ಒತ್ತಿದ್ದು ಎನ್ನಲು ಎಷ್ಟು ಮಾತು ಬೇಕು? ಎರಡು. ಆ ಎರಡು ಮಾತು ನನ್ನ ಗಂಟಲಿನಿಂದ ಮೇಲೆ ಬರಲೇ ಇಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚಿಮಟದಿಂದ ತುಂಡು ತೆಗೆದು, ಔಷಧಿ ಹಚ್ಚಿ ಬಟ್ಟೆ ಕಟ್ಟಿದರು. ಮರುದಿನ ಭಾನುವಾರ ಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿತು. ಗೌನಿನ ಮೇಲ್ಭಾಗ, ತೋಳು, ಕಾಜ ಎಲ್ಲ ಆ ವಾರವೇ ಕೈಹೊಲಿಗೆಯಲ್ಲಿ ಮುಗಿದಿತ್ತು. ನೆರಿಗೆ ಕೂಡಿಸುವುದು ಮತ್ತು ಕೆಳಗಿನ ಅಂಚು ಉಳಿದಿತ್ತು. ಅಕ್ಕ ಎಡಗೈಯಲ್ಲಿ ಮಾಡಲು ಹೋಗಿ ಸೋತು ಕೂತಳು.

ಆಗ ಅಪ್ಪ ಬಂದು ಅವಳ ಪಕ್ಕ ನಿಂತರು. ನಿನ್ನೆಯಿಂದ ಅವರಿಬ್ಬರೂ ಮಾತಾಡಿರಲಿಲ್ಲ.

"ಏಳು. ನಾನು ತುಳಿತೀನಿ. ನೀನು ಹೇಳ್ಕೊಡು," ಎಂದರು.

"ನಿಂಗೆ ಬರಲ್ಲಪ್ಪ."

"ಮೂವತ್ತು ವರ್ಷದಿಂದ ನೂಲಿನ ಜೊತೆ ಬಾಳ್ತಿದೀನಿ. ಇದೂ ನೂಲೇ ತಾನೇ? ಹೇಳು."

ಎರಡನೆಯ ಸೂಜಿಯನ್ನು ಅಪ್ಪನೇ ಹಾಕಿದರು. ಚಿಕ್ಕ ತಿರುಪು ಅವರ ದಪ್ಪ ಬೆರಳುಗಳಿಗೆ ಸಿಗದೆ ಜಾರುತ್ತಿತ್ತು. ಮೊದಲ ಸಲ ಸೂಜಿ ತಿರುವುಮುರುವಾಗಿ ಕೂತು ದಾರ ಮೂರು ಬಾರಿ ಕಿತ್ತುಹೋಯಿತು. "ಚಪ್ಪಟೆ ಮಗ್ಗುಲು ಚಕ್ರದ ಕಡೆಗೆ ಬರ್ಲಪ್ಪ," ಎಂದಳು ಅಕ್ಕ. ಅವರು ಮತ್ತೆ ಬಿಚ್ಚಿ ಹಾಕಿದರು. ಅಕ್ಕ ಎಡಗೈಯಿಂದ ಬಟ್ಟೆ ಒತ್ತಿ ಹಿಡಿಯುತ್ತಿದ್ದಳು, ಅಪ್ಪ ತುಳಿಯುತ್ತಿದ್ದರು. ಮಗ್ಗ ತುಳಿದು ಅಭ್ಯಾಸವಾದ ಕಾಲು, ಒಮ್ಮೆ ನಿಧಾನ, ಒಮ್ಮೆ ಧಡಧಡ. ನಡುನಡುವೆ ಅಕ್ಕ ನಗುತ್ತಿದ್ದಳು, ಅಪ್ಪನೂ ನಗುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದೆ. ಯಾರೂ ನನಗೆ ಬೈಯಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಆ ಮಿಷನ್ನಿನ ಅಡಿಗೆ ನಾನು ಮತ್ತೆ ಯಾವತ್ತೂ ಹೋಗಲಿಲ್ಲ.

ಸೋಮವಾರ ನನಗೆ ತಲೆ ಬಾಚಿ ಜೊತೆಗೆ ಕರೆದುಕೊಂಡು ಹೋದರು. ಹೆಡ್ಮಿಸ್ಟ್ರೆಸ್ ಅಮ್ಮನವರು ಕನ್ನಡಕ ಹಾಕಿಕೊಂಡು ಗೌನನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಾಜಗಳ ಮೇಲೆ ಬೆರಳಾಡಿಸಿದರು. ಕೆಳಗಿನ ಅಂಚಿಗೆ ಬಂದಾಗ ಅವರ ಕೈ ನಿಂತಿತು.

"ಇದು ಯಾರು ಹೊಲಿದದ್ದು?"

"ನಾನೇ ತಾಯಿ," ಎಂದರು ಅಪ್ಪ, ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡು. "ಮಗಳ ಕೈಗೆ ಪೆಟ್ಟಾಯ್ತು. ಮೇಲಿಂದೆಲ್ಲ ಅವಳದೇ."

ಆಕೆ ನಗಲಿಲ್ಲ. ಅಕ್ಕನ ಕಟ್ಟಿದ ಬೆರಳನ್ನು ನೋಡಿದರು. "ಮೇಲಿನ ಹೊಲಿಗೆ ನೋಡಿದೆನಲ್ಲ, ಅಷ್ಟು ಸಾಕಮ್ಮ. ಒಂದನೇ ತಾರೀಖಿಗೆ ಕೈ ವಾಸಿ ಮಾಡ್ಕೊಂಡು ಬಾ. ಅದಕ್ಕಿಂತ ತಡ ಮಾಡೋ ಹಾಗಿಲ್ಲ, ಮೇಲಿನವರು ಕೇಳ್ತಾರೆ," ಎಂದರು.

ವಾಪಸು ಬರುವಾಗ ಅಕ್ಕ ಬೀದಿಯ ನಡುವೆ ನಡೆದಳು. ಅವಳು ತಲೆಯೆತ್ತಿ ನಡೆದದ್ದನ್ನು ನಾನು ನೋಡಿದ್ದು ಆ ಒಂದು ದಿನ. ದಾರಿಯಲ್ಲಿ ಅಪ್ಪ ನನಗೆ ಹುರಿಗಡಲೆ ಕೊಡಿಸಿದರು. ಇನ್ನೇನು ಎಲ್ಲ ಸರಿಹೋಯಿತು, ಹೇಳುವುದು ಬೇಕಿಲ್ಲ ಎಂದುಕೊಂಡೆ ನಾನು.

ಸರಿಹೋಗಲಿಲ್ಲ. ಬೆರಳು ಕೀವಾಯಿತು. ಅಮ್ಮ ಅರಿಸಿನ ಕಟ್ಟಿದಳು, ಬೇವಿನ ನೀರಿನಲ್ಲಿ ತೊಳೆದಳು, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. ಡಾಕ್ಟರು ದಿನ ಬಿಟ್ಟು ದಿನ ಕೊಯ್ದು ಕಟ್ಟಿದರು. ಒಂದು ಬೆಳಗ್ಗೆ ಕೆಂಪು ಗೆರೆಯೊಂದು ಮೊಣಕೈಯವರೆಗೆ ಏರಿತ್ತು, ಅಕ್ಕನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಅಪ್ಪ ಅವಳನ್ನು ರೈಲಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಹದಿನೈದು ದಿನವಾದ ಮೇಲೆ ಬಂದರು. ಅಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದಳು. ತೋರುಬೆರಳು ಇರಲಿಲ್ಲ. ಅದನ್ನು ತೆಗೆಯದಿದ್ದರೆ ಕೈಯೇ ಹೋಗುತ್ತಿತ್ತಂತೆ, ಜೀವವೂ ಹೋಗುತ್ತಿತ್ತಂತೆ. ಒಂದನೇ ತಾರೀಖು ಅಷ್ಟರಲ್ಲಿ ಕಳೆದುಹೋಗಿತ್ತು. ಸ್ಕೂಲಿಗೆ ಬೇರೆಯವರು ಬಂದಿದ್ದರು.

ಬೇಸಿಗೆ ಶುರುವಾಗುವ ಮೊದಲೇ ನೂಲು ಸಿಗುವುದು ಇನ್ನೂ ಕಷ್ಟವಾಯಿತು. ಹಿಂದೂಪುರದಿಂದ ಮತ್ತೆ ಹೇಳಿಕಳಿಸಿದರು. ಈ ಸಲ ಅಕ್ಕ ತಾನೇ ಹೋಗುತ್ತೇನೆ ಎಂದಳು. ಮೈದುನ ಟೈಲರ್ ಕೆಲಸ ಕಲಿಯುತ್ತಿದ್ದ, ಮಿಷನ್ನೂ ಬರಲಿ ಎಂದಿದ್ದರು. ಅದನ್ನೂ ಗೋಣಿ ಸುತ್ತಿ ರೈಲಿಗೆ ಹಾಕಿದರು. ಪ್ಲಾಟ್‌ಫಾರಂ ಮೇಲೆ ಅಕ್ಕ ನನ್ನ ಕೆನ್ನೆ ಸವರಿದಳು. ಆ ಕೈಯಲ್ಲಿ ಒಂದು ಜಾಗ ಖಾಲಿ ಇರುವುದು ನನ್ನ ಕೆನ್ನೆಗೆ ತಿಳಿಯಿತು. "ಜಡೆ ಅಮ್ಮನ ಕೈಲಿ ಹಾಕಿಸ್ಕೊ. ಹಟ ಮಾಡ್ಬೇಡ," ಎಂದಳು. ಅವತ್ತೂ ನಾನು ಹೇಳಲಿಲ್ಲ.

ಯುಗಾದಿಗೆ ಅಮ್ಮ ಆ ಬಿಳಿ ಗೌನನ್ನು ನನಗೆ ತೊಡಿಸಿದಳು. ನಾನು ಅತ್ತು ರಂಪ ಮಾಡಿ ಬಿಚ್ಚಿಹಾಕಿದೆ. ಗಂಜಿ ಚುಚ್ಚುತ್ತಿರಬೇಕು ಎಂದುಕೊಂಡಳು ಅಮ್ಮ.

ಅಕ್ಕ ಹಬ್ಬಕ್ಕೋ ಮದುವೆಗೋ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಅವಳ ಕನ್ನಡದೊಳಗೆ ತೆಲುಗು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ನಾನು ಬೆಳೆದೆ, ಮದುವೆಯಾಗಿ ದೇವನಹಳ್ಳಿಗೆ ಹೋದೆ, ಮಕ್ಕಳಾದವು. ಅಪ್ಪನಿಗೆ ಕಾಯಿಲೆಯಾಗಿ ಹಾಸಿಗೆ ಹಿಡಿದ ವರ್ಷ ನಾವಿಬ್ಬರೂ ತವರಿಗೆ ಬಂದಿದ್ದೆವು. ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅಕ್ಕನ ನಾಲ್ಕು ಬೆರಳು ನನ್ನ ಐದು ಬೆರಳಿಗಿಂತ ಬೇಗ ಸುಲಿಯುತ್ತಿದ್ದವು. ಅದನ್ನು ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅವತ್ತು ಹಲಗೆ ಒತ್ತಿದ್ದು ನಾನು. ನೀನು ಬೇಡ ಅಂದಿದ್ದೂ ಕೇಳಿಸಿತ್ತು."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಕಣೇ."

"ಮತ್ತೆ ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

ಅಕ್ಕ ಇನ್ನೊಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ನಿನ್ನ ಮುಖ ನೋಡ್ದೆ. ಅಷ್ಟು ಚಿಕ್ಕ ಮುಖ. ನೀನು ಅಂತ ಅಂದಿದ್ರೆ, ಈ ಹುಡ್ಗಿಯಿಂದ ಅಕ್ಕನ ಬಾಳು ಹಾಳಾಯ್ತು ಅಂತ ಬೀದಿಯೋರೆಲ್ಲ ಸಾಯೋವರೆಗೂ ನಿನ್ನ ಆಡ್ಕೋತಿದ್ರು. ಹಂಗೆ ಅನ್ನಿಸ್ಕೊಳೋಕೆ ಮನೇಲಿ ನಾನೊಬ್ಬಳಿದ್ನಲ್ಲ, ಸಾಕು ಅನ್ನಿಸ್ತು."

"ತಪ್ಪಾಯ್ತು ಅಕ್ಕ," ಎಂದೆ. ಸಿಪ್ಪೆಯ ರಾಶಿಯ ಮೇಲೆ ತಲೆಯಿಟ್ಟು ಅತ್ತೆ. ಅವಳು ನನ್ನ ಬೆನ್ನು ಸವರಿದಳು.

"ಅಪ್ಪನಿಗೆ ಈಗಲೇ ಹೋಗಿ ಹೇಳ್ಬಿಡ್ತೀನಿ," ಎಂದು ಎದ್ದೆ.

ಅಕ್ಕ ಗಟ್ಟಿಯಾಗಿ ನನ್ನ ಸೆರಗು ಹಿಡಿದಳು. "ಬೇಡ. ಅವತ್ತು ಅಂದ ಒಂದು ಮಾತಿಗೆ ಅಪ್ಪ ಎಷ್ಟು ಕೊರಗ್ತು ಅಂತ ನಿಂಗೊತ್ತಿಲ್ಲ. ದೊಡ್ಡಾಸ್ಪತ್ರೆಲಿ ನನ್ನ ಮಂಚದ ಪಕ್ಕ ಕೂತು ಅತ್ತುಬಿಡ್ತು. ನನ್ನ ತಪ್ಪೇ ಇರ್ಲಿಲ್ಲ ಅಂತ ಈಗ ಗೊತ್ತಾದ್ರೆ ತಡ್ಕೊಳುತ್ತಾ ಆ ಜೀವ? ನಿನ್ನ ಹೊಟ್ಟೆ ಹಗುರ ಮಾಡ್ಕೊಳೋಕೆ ಅಪ್ಪನ್ನ ನೋಯಿಸ್ಬೇಡ."

ನಾನು ಮತ್ತೆ ಕೂತೆ. ಒಳಗಿನಿಂದ ಅಪ್ಪನ ಕೆಮ್ಮು ಕೇಳಿಸುತ್ತಿತ್ತು. ಆ ತಿಂಗಳೇ ಅಪ್ಪ ಹೋದರು. ಅದಾದ ಹತ್ತು ವರ್ಷಕ್ಕೆ ಅಕ್ಕ ಹಿಂದೂಪುರದಲ್ಲೇ ತೀರಿಕೊಂಡಳು. ಆಮೇಲೆ ಈ ಮಾತನ್ನು ನಾನು ಯಾರ ಬಳಿಯೂ ಆಡಿರಲಿಲ್ಲ.

ಈಗ ನಿಮಗೆ ಹೇಳುತ್ತಿದ್ದೇನೆ, ಮಕ್ಕಳೇ. ನಿಮ್ಮ ಕಾಲ ಬೇರೆ. ಸೂಜಿ ಬೇಕೆಂದರೆ ಮೂಲೆ ಅಂಗಡಿಯಲ್ಲೇ ಡಬ್ಬಿಗಟ್ಟಲೆ ಸಿಗುತ್ತದೆ. ಬೆರಳಿಗೆ ಗಾಯವಾದರೆ ಸಂಜೆಯೊಳಗೆ ಇಂಜೆಕ್ಷನ್ನು, ನಾಲ್ಕು ದಿನಕ್ಕೆ ವಾಸಿ. ಗಂಡ ಸತ್ತ ಹೆಣ್ಣುಮಗಳು ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾಳೆ, ಅವಳ ಮುಖ ಕಂಡಿತೆಂದು ಯಾರೂ ವಾಪಸು ಹೋಗಿ ಕೂರುವುದಿಲ್ಲ. ನಮ್ಮ ಮನೆಯಲ್ಲಿ 'ತಪ್ಪಾಯ್ತು' ಎಂಬ ಮಾತನ್ನು ಆಡುತ್ತಿದ್ದದ್ದು ದೇವರ ಮುಂದೆ, ಇಲ್ಲವೇ ಬೆತ್ತ ಹಿಡಿದ ಮೇಷ್ಟ್ರ ಮುಂದೆ. ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ. ನೀವು ಮಾತು ಮಾತಿಗೆ 'ಸಾರಿ' ಎನ್ನುವುದನ್ನು ಕೇಳಿ ನಾನು ಎಷ್ಟೋ ಸಲ ಗೊಣಗಿದ್ದೇನೆ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅಣ್ಣನ ಬಣ್ಣದ ಚಿತ್ರದ ಮೇಲೆ ನೀರು ಚೆಲ್ಲಿದಳು. ಯಾರೂ ನೋಡಿರಲಿಲ್ಲ. ಆದರೂ ಅವನ ಮುಂದೆ ಹೋಗಿ ನಿಂತು, "ನಾನೇ ಚೆಲ್ಲಿದ್ದು," ಎಂದಳು. ಅವನು ಕೂಗಾಡಿದ, ಇವಳು ಅತ್ತಳು. ಸಂಜೆ ನೋಡಿದರೆ ಇಬ್ಬರೂ ಒಂದೇ ತಟ್ಟೆಯಿಂದ ಚುರುಮುರಿ ತಿನ್ನುತ್ತ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನಿಮ್ಮನ್ನೇ ನೋಡಿದೆ. ಅಜ್ಜಿ ಯಾಕೆ ಅಳುತ್ತಿದ್ದಾಳೆ ಎಂದು ನೀವು ಕೇಳಿದಿರಿ. ಅದಕ್ಕೇ ಇದನ್ನೆಲ್ಲ ಹೇಳಿದೆ.